ಹನ್ನೊಂದು ನಿಮಿಷದ ಲೆಕ್ಕ ಯಾರ ಹತ್ತಿರ?

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ. ಪುಣೆಯ ಹೊರವಲಯದಲ್ಲಿರುವ ಒಂದು ಪರೀಕ್ಷಾ ಕೇಂದ್ರದ ಗೇಟಿನ ಎದುರು ನಾನೂ ನನ್ನಂಥ ಇನ್ನೂರು ಮುನ್ನೂರು ಜನವೂ ನಿಂತಿದ್ದೆವು. ಒಳಗೆ ನನ್ನ ಅಕ್ಕನ ಮಗಳು ಪ್ರವೇಶ ಪರೀಕ್ಷೆ ಬರೆಯುತ್ತಿದ್ದಳು. ಭಾವ ಆಫೀಸಿನ ಕೆಲಸದ ಮೇಲೆ ಊರಿಂದಾಚೆ ಹೋಗಿದ್ದರು, ಅಕ್ಕನಿಗೆ ಬಿಸಿಲಲ್ಲಿ ನಿಲ್ಲಲು ಆಗುವುದಿಲ್ಲ. ಹಾಗಾಗಿ ಆ ದಿನದ ಡ್ಯೂಟಿ ಸೋದರಮಾವನಾದ ನನಗೆ ಬಿತ್ತು.

ಮೂರು ಗಂಟೆಯ ಪರೀಕ್ಷೆ ಮುಗಿಸಿ ಹೊರಗೆ ಬಂದ ಹುಡುಗಿ ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ಸುಲಭವಿತ್ತು.

"ಹೆಂಗಾತು?" ಅಂದೆ.

"ಪೇಪರ್ ಈಜಿ ಇತ್ತು ಮಾಮಾ. ಖರೆ ಹನ್ನೊಂದ್ ನಿಮಿಷ ಹೋತು."

ನೀರಿನ ಬಾಟಲಿ ಖಾಲಿ ಮಾಡಿ ನಡೆದದ್ದನ್ನು ಹೇಳಿದಳು. ಪರೀಕ್ಷೆ ಶುರುವಾಗಿ ಸುಮಾರು ನಲವತ್ತು ನಿಮಿಷಕ್ಕೆ ಅವಳ ಕಂಪ್ಯೂಟರಿನ ಪರದೆ ನಿಂತುಹೋಯಿತು. ಮೌಸ್ ಅಲ್ಲಾಡುತ್ತಿತ್ತು, ಆದರೆ ಮುಂದಿನ ಪ್ರಶ್ನೆಯ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಕೈ ಎತ್ತಿದಳು. ಮೇಲ್ವಿಚಾರಕರು ಬಂದು "ರುಕೋ, ಅಭೀ ಠೀಕ್ ಹೋ ಜಾಯೇಗಾ" ಅಂದರು. ಠೀಕ್ ಆಗಲಿಲ್ಲ. ಟೆಕ್ನಿಕಲ್ ಹುಡುಗನೊಬ್ಬ ಬಂದು ಕೇಬಲ್ ಕಿತ್ತು ಹಾಕಿದ, ರೀಸ್ಟಾರ್ಟ್ ಮಾಡಿದ, ಕೊನೆಗೆ ಇವಳನ್ನು ಎಬ್ಬಿಸಿ ಹಿಂದಿನ ಸಾಲಿನ ಬೇರೆ ಕಂಪ್ಯೂಟರಿನ ಮುಂದೆ ಕೂರಿಸಿದ. ಲಾಗಿನ್ ಆಯಿತು. ಗುರುತು ಹಾಕಿದ್ದ ಉತ್ತರಗಳೆಲ್ಲ ಹಾಗೇ ಇದ್ದವು. ಆದರೆ ಪರದೆ ನಿಂತಾಗ 2:21 ತೋರಿಸುತ್ತಿದ್ದ ಉಳಿದ ಸಮಯ ಈಗ 2:10 ತೋರಿಸುತ್ತಿತ್ತು.

"ಸರ್, ಟೈಮ್ ಕಮ್ ಹೋ ಗಯಾ" ಅಂದಳಂತೆ.

"ಬೇಟಾ, ವೋ ಸರ್ವರ್ ಕಾ ಟೈಮ್ ಹೈ. ಊಪರ್ ಕ್ಯಾಮೆರಾ ಚಾಲೂ ಹೈ, ಬಾತ್ ಮತ್ ಕರೋ" ಅಂದರಂತೆ ಅವರು.

ಹುಡುಗಿ ಜಾಣೆ. ರಫ್ ಹಾಳೆಯ ಮೂಲೆಯಲ್ಲಿ "2:21 – 2:10" ಎಂದು ಬರೆದು ಸುತ್ತ ಒಂದು ಚೌಕ ಎಳೆದಳು. ಹೊರಗೆ ಬರುವಾಗ ಆ ರಫ್ ಹಾಳೆಯನ್ನು ಬಾಗಿಲ ಬಳಿಯ ಡಬ್ಬಿಗೆ ಹಾಕಲೇಬೇಕಿತ್ತು. ಹಾಕಿದಳು. ಅಲ್ಲಿಗೆ ಅವಳ ಕೈಲಿದ್ದ ಒಂದೇ ಒಂದು ಸಾಕ್ಷಿಯೂ ಹೋಯಿತು.

ಪರೀಕ್ಷೆಯ ಹೆಸರು, ಕೇಂದ್ರದ ಹೆಸರು ಇಲ್ಲಿ ಬೇಡ. ಗೇಟಿನಲ್ಲಿ ಒಂದು ಗಂಟೆ ಕಾದ ಮೇಲೆ ಸಿಕ್ಕ ಕೇಂದ್ರದವರು "ಇಮೇಲ್ ಮಾಡಿ" ಎಂದರು. ಮಾಡಿದೆವು. ಮೂರು ವಾರದ ನಂತರ ಎರಡು ಸಾಲಿನ ಉತ್ತರ ಬಂತು. ನಮ್ಮ ದಾಖಲೆಗಳ ಪ್ರಕಾರ ಅಭ್ಯರ್ಥಿಯ ಸೆಷನ್ ಪೂರ್ತಿ 180 ನಿಮಿಷ ಸಕ್ರಿಯವಾಗಿತ್ತು ಎಂಬುದು ಅದರ ಸಾರಾಂಶ.

ಲಾಗ್ ಸುಳ್ಳು ಹೇಳಿಲ್ಲ, ಹುಡುಗಿಯೂ ಹೇಳಿಲ್ಲ

ನಾನು ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅದರಲ್ಲಿ ಹೆಚ್ಚಿನ ಪಾಲು ಹಣ ಪಾವತಿಯ ವ್ಯವಸ್ಥೆಗಳಲ್ಲಿ. ಆ ಉತ್ತರ ಓದಿದಾಗ ಮೊದಲು ಸಿಟ್ಟು ಬಂತು. ಆಮೇಲೆ ಕೂತು ಯೋಚಿಸಿದಾಗ, ಅವರು ಸುಳ್ಳು ಹೇಳುತ್ತಿಲ್ಲ ಅನ್ನಿಸಿತು. ಕಷ್ಟ ಇರುವುದೇ ಅಲ್ಲಿ.

ಕಂಪ್ಯೂಟರ್ ಪರೀಕ್ಷೆಯಲ್ಲಿ ಗಡಿಯಾರ ಓಡುವುದು ಸಾಮಾನ್ಯವಾಗಿ ಸರ್ವರಿನಲ್ಲಿ. ಅಭ್ಯರ್ಥಿಯ ಕಂಪ್ಯೂಟರ್ ಆಗಾಗ "ನಾನಿದ್ದೇನೆ" ಎಂದು ಸರ್ವರಿಗೆ ಸಣ್ಣ ಸಂದೇಶ ಕಳಿಸುತ್ತಿರುತ್ತದೆ. ನಮ್ಮ ಕೆಲಸದ ಭಾಷೆಯಲ್ಲಿ ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ. ನೆಟ್‌ವರ್ಕ್ ಪೂರ್ತಿ ಕಡಿದುಹೋದರೆ ಸಂದೇಶ ನಿಲ್ಲುತ್ತದೆ, ಗಡಿಯಾರವನ್ನೂ ನಿಲ್ಲಿಸಬಹುದು. ಆದರೆ ಪರದೆ ಮಾತ್ರ ಹೆಪ್ಪುಗಟ್ಟಿ ಹಿನ್ನೆಲೆಯಲ್ಲಿ ಸಂಪರ್ಕ ಜೀವಂತ ಇದ್ದರೆ? ಹುಡುಗಿ ಕಷ್ಟದ ಪ್ರಶ್ನೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದಾಳೆ ಎಂದೇ ಸರ್ವರ್ ತಿಳಿಯುತ್ತದೆ. ಯೋಚಿಸುತ್ತಾ ಕೂತ ಅಭ್ಯರ್ಥಿ, ಕೆಟ್ಟ ಕಂಪ್ಯೂಟರಿನ ಮುಂದೆ ಕೂತ ಅಭ್ಯರ್ಥಿ, ಇಬ್ಬರೂ ಅದಕ್ಕೆ ಒಂದೇ. ಯಾರಾದರೂ ಮನುಷ್ಯರು "ಇದು ಕೆಟ್ಟಿದೆ, ಗಡಿಯಾರ ನಿಲ್ಲಿಸು" ಎಂದು ಹೇಳಿದರೆ ಮಾತ್ರ ಅದಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಆ ಹುಡುಗ ಕೇಬಲ್ ಕಿತ್ತು ಹಾಕುವ ಗಡಿಬಿಡಿಯಲ್ಲಿ ಅದನ್ನು ಮಾಡಿರಲಿಕ್ಕಿಲ್ಲ. ಇದು ನನ್ನ ಅಂದಾಜು, ಆದರೆ ನನ್ನ ಕೆಲಸದಲ್ಲಿ ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಅಂದರೆ ಲಾಗಿನಲ್ಲಿ 180 ನಿಮಿಷ ಇರುವುದೂ ನಿಜ, ಹುಡುಗಿಗೆ 169 ನಿಮಿಷ ಸಿಕ್ಕಿದ್ದೂ ನಿಜ. ಒಂದು ಸತ್ಯಕ್ಕೆ ದಾಖಲೆ ಇದೆ, ಇನ್ನೊಂದಕ್ಕೆ ಇಲ್ಲ.

ಇದನ್ನೇ ಪಾವತಿ ವ್ಯವಸ್ಥೆಗೆ ಹೋಲಿಸಿ ನೋಡಿ. ಎಟಿಎಂನಲ್ಲಿ ನಿಮ್ಮ ಖಾತೆಯಿಂದ ಹಣ ಕಟ್ ಆಗಿ ನೋಟು ಹೊರಗೆ ಬರದಿದ್ದರೆ ಏನಾಗಬೇಕು? 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ವಹಿವಾಟು ನಡೆದ 5 ದಿನದೊಳಗೆ ಆ ಹಣ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಗ್ರಾಹಕ ದೂರು ಕೊಡುವವರೆಗೆ ಕಾಯಬಾರದು ಎಂದೂ ಆ ಸುತ್ತೋಲೆ ಹೇಳುತ್ತದೆ. ಐನೂರು ರೂಪಾಯಿ ಸಿಕ್ಕಿಕೊಂಡರೆ ಲೆಕ್ಕ ಸರಿಮಾಡುವ ಹೊಣೆ ವ್ಯವಸ್ಥೆ ನಡೆಸುವವರದ್ದು. ಹದಿನೇಳು ವರ್ಷದ ಹುಡುಗಿಯ ಹನ್ನೊಂದು ನಿಮಿಷ ಸಿಕ್ಕಿಕೊಂಡರೆ ಅದನ್ನು ಸಾಬೀತು ಮಾಡುವ ಹೊಣೆ ಹುಡುಗಿಯದ್ದು. ಅದೂ ಕೈಯಲ್ಲಿ ವಾಚಿಲ್ಲದೆ, ಫೋನಿಲ್ಲದೆ, ರಫ್ ಹಾಳೆಯನ್ನೂ ಡಬ್ಬಿಗೆ ಹಾಕಿ ಬಂದ ಮೇಲೆ.

ಊರೆಲ್ಲ ಕತ್ತಲಾದರೆ ಸುದ್ದಿ

ದೊಡ್ಡ ಮಟ್ಟದಲ್ಲಿ ವ್ಯವಸ್ಥೆ ಕೈಕೊಟ್ಟಾಗ ಪರಿಹಾರ ಸಿಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ಸಿಯುಇಟಿ ಮೊದಲ ಬಾರಿ ನಡೆದ 2022ನೇ ವರ್ಷವನ್ನು ನೆನೆಯಿರಿ. ಆಗಸ್ಟ್ 4ರಂದು ಮಧ್ಯಾಹ್ನ 3ಕ್ಕೆ ಶುರುವಾಗಬೇಕಿದ್ದ ಪಾಳಿಯ ಪ್ರಶ್ನೆಪತ್ರಿಕೆ ಸಂಜೆ 5 ದಾಟಿದ ಮೇಲಷ್ಟೇ ಅಪ್‌ಲೋಡ್ ಆಗತೊಡಗಿತು. ಆ ಪಾಳಿಯನ್ನು ಎಲ್ಲ ಕೇಂದ್ರಗಳಲ್ಲೂ ಮುಂದೂಡಿದರು. ಮಕ್ಕಳು ಸಂಜೆವರೆಗೆ ಕಾದು ವಾಪಸು ಹೋದರು. ಆದರೆ ತಪ್ಪು ಎಲ್ಲರಿಗೂ ಕಾಣುವಂತಿತ್ತು, ಮತ್ತೊಂದು ದಿನ ಸಿಕ್ಕಿತು. ಊರೆಲ್ಲ ಕತ್ತಲಾದರೆ ಅದು ಸುದ್ದಿ. ನಮ್ಮ ಮನೆಯ ಫ್ಯೂಸ್ ಮಾತ್ರ ಹೋದರೆ ಲೈನ್‌ಮನ್ ಕೂಡ ನಂಬುವುದಿಲ್ಲ.

ಕೆಲವರ ಸಮಯ ಮಾತ್ರ ಹೋದಾಗ ಏನು ಮಾಡಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು 2018ರಲ್ಲಿ. ಆ ವರ್ಷ ಮೇ 13ರಂದು ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಆನ್‌ಲೈನ್‌ನಲ್ಲಿ ನಡೆಯಿತು. 120 ನಿಮಿಷಕ್ಕೆ 200 ಪ್ರಶ್ನೆ. ಹಲವು ಕೇಂದ್ರಗಳಲ್ಲಿ ಲಾಗಿನ್ ಆಗಲಿಲ್ಲ, ಪರದೆ ಖಾಲಿ ಬಂತು, ವಿದ್ಯುತ್ ಹೋಯಿತು. ಮರುಪರೀಕ್ಷೆ ಬೇಡ, ಸಮಯ ಕಳೆದುಕೊಂಡವರಿಗೆ ಸೂತ್ರದ ಪ್ರಕಾರ ಅಂಕ ಕೊಡಿ ಎಂದು ಕೋರ್ಟ್ ಹೇಳಿತು. ಸೂತ್ರದ ತಿರುಳು ಇಷ್ಟು: ಸಿಕ್ಕ ಸಮಯದಲ್ಲಿ ಅಭ್ಯರ್ಥಿ ಯಾವ ವೇಗದಲ್ಲಿ ಅಂಕ ಗಳಿಸಿದ್ದಾರೋ, ಕಳೆದುಹೋದ ಸಮಯದಲ್ಲೂ ಅದೇ ವೇಗದಲ್ಲಿ ಗಳಿಸುತ್ತಿದ್ದರು ಎಂದು ಹಿಡಿಯುವುದು. ನೂರು ನಿಮಿಷದಲ್ಲಿ 50 ಅಂಕ ಬಂದಿದ್ದರೆ, ಹೋದ ಇಪ್ಪತ್ತು ನಿಮಿಷಕ್ಕೆ 10 ಅಂಕ. ಒರಟು ಲೆಕ್ಕವೇ ಸರಿ. ಆದರೆ ಅಲ್ಲಿ ಕಂಪ್ಯೂಟರ್ ದಾಖಲೆಗಳಿದ್ದವು, ಯಾರ ಸಮಯ ಎಷ್ಟು ಹೋಯಿತು ಎನ್ನಲು ಒಂದು ಆಧಾರವಿತ್ತು.

ಇದೇ ಸೂತ್ರ ಆರು ವರ್ಷದ ನಂತರ ನೀಟ್ ಪರೀಕ್ಷೆಯಲ್ಲಿ ಕಾಣಿಸಿಕೊಂಡು ದೇಶವನ್ನೇ ಅಲ್ಲಾಡಿಸಿತು. 2024ರ ಮೇ 5ರಂದು 23 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. ಇದು ಪೆನ್ನು ಮತ್ತು ಓಎಂಆರ್ ಹಾಳೆಯ ಪರೀಕ್ಷೆ. ಹರಿಯಾಣದ ಝಜ್ಜರ್ ಸೇರಿದಂತೆ ಕೆಲವು ಕೇಂದ್ರಗಳಲ್ಲಿ ಮಕ್ಕಳ ಸಮಯ ಹಾಳಾಯಿತು. ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, 1563 ಮಕ್ಕಳಿಗೆ ಕ್ಲ್ಯಾಟ್‌ ಸೂತ್ರದ ಮಾದರಿಯಲ್ಲಿ ಕೃಪಾಂಕ ಕೊಟ್ಟಿತು. ಫಲಿತಾಂಶ ಬಂದಾಗ ಕೆಲವರಿಗೆ 720ಕ್ಕೆ 719, 718 ಅಂಕ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಳೆಯುತ್ತಾರೆ. ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಾದರೆ 715. ನಡುವೆ 718, 719 ಬರಲು ಸಾಧ್ಯವೇ ಇಲ್ಲ. ಈ ಲೆಕ್ಕವನ್ನು ಮೊದಲು ಹಿಡಿದವರು ಮಕ್ಕಳೇ, ತಮ್ಮ ತಮ್ಮ ಫೋನುಗಳಲ್ಲಿ.

ಮುಂದಿನದು ನಿಮಗೆ ಗೊತ್ತು. ಜೂನ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಕೃಪಾಂಕ ವಾಪಸಾಯಿತು. ಆ 1563 ಮಕ್ಕಳಿಗೆ, ಬೇಕಾದರೆ ಮತ್ತೆ ಬರೆಯಿರಿ, ಬೇಡವಾದರೆ ಕೃಪಾಂಕವಿಲ್ಲದ ಅಂಕವನ್ನೇ ಇಟ್ಟುಕೊಳ್ಳಿ ಎಂದರು. ಜೂನ್ 23ರಂದು ಮರುಪರೀಕ್ಷೆಗೆ ಬಂದವರು 813 ಮಂದಿ. ಉಳಿದವರು ಕಳೆದುಕೊಂಡ ನಿಮಿಷಗಳನ್ನು ಅಲ್ಲಿಗೇ ಬಿಟ್ಟರು. ಅದೇ ಹೊತ್ತಿಗೆ ಪಟ್ನಾ, ಹಜಾರಿಬಾಗ್‌ಗಳಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾದ ಪ್ರಕರಣ ಹೊರಬಿದ್ದು ಚರ್ಚೆಯೆಲ್ಲ ಅತ್ತ ತಿರುಗಿತು. ಸಮಯ ಕಳೆದುಕೊಂಡ ಮಗುವಿನ ಪ್ರಶ್ನೆ ಹಿಂದೆ ಸರಿಯಿತು. ಕೃಪಾಂಕ ಪಡೆದವರನ್ನೆಲ್ಲ ಜನ ಅನುಮಾನದಿಂದ ನೋಡಿದ್ದೂ ಆಯಿತು. ಅವರಲ್ಲಿ ಹೆಚ್ಚಿನವರು ಮಾಡಿದ ತಪ್ಪು ಏನು? ಆ ದಿನ ಆ ಕೇಂದ್ರದಲ್ಲಿ ಕೂತದ್ದು.

ಇನ್ನೂ ಹತ್ತಿರದ ಉದಾಹರಣೆ 2025ರ ಮೇ 4ರ ನೀಟ್. ಇಂದೋರಿನಲ್ಲಿ ಗಾಳಿಮಳೆಗೆ ಹಲವು ಕೇಂದ್ರಗಳಲ್ಲಿ ಕರೆಂಟು ಹೋಯಿತು. ಚೆನ್ನೈ ಬಳಿಯ ಆವಡಿಯ ಕೇಂದ್ರದಲ್ಲೂ ಇದೇ ದೂರು. ಎರಡೂ ಕಡೆ ಮಕ್ಕಳು ಹೈಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಮಧ್ಯಪ್ರದೇಶ ಹೈಕೋರ್ಟಿನ ಏಕಸದಸ್ಯ ಪೀಠ ಅರ್ಜಿದಾರರಿಗೆ ಮರುಪರೀಕ್ಷೆ ನಡೆಸಲು ಹೇಳಿತು, ಜುಲೈನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಕರೆಂಟು ಹೋದ ಕೇಂದ್ರದ ಮಕ್ಕಳೂ ಹೋಗದ ಕೇಂದ್ರದ ಮಕ್ಕಳೂ ಹೆಚ್ಚುಕಡಿಮೆ ಅಷ್ಟೇ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ ಎಂಬುದು ಸಂಸ್ಥೆಯ ವಾದದ ಒಂದು ಭಾಗವಾಗಿತ್ತು.

ಡೇಟಾ ಜೊತೆ ಕೆಲಸ ಮಾಡುವವನಾಗಿ ಈ ವಾದ ನನಗೆ ಅರ್ಥವಾಗುತ್ತದೆ. ಸರಾಸರಿಯಲ್ಲಿ ವ್ಯತ್ಯಾಸವಿಲ್ಲ ಎಂದರೆ ಇಡೀ ಕೇಂದ್ರಕ್ಕೆ ಮರುಪರೀಕ್ಷೆ ಬೇಡ ಎನ್ನಬಹುದು. ಆದರೆ ಕಿಟಕಿಯ ಪಕ್ಕ ಕೂತವನ ಬೆಳಕೂ ಗೋಡೆಯ ಮೂಲೆಯಲ್ಲಿ ಕೂತವನ ಬೆಳಕೂ ಸರಾಸರಿಯಲ್ಲಿ ಒಂದಾಗಿಬಿಡುತ್ತವೆ. ಮೂಲೆಯಲ್ಲಿದ್ದವನ ಪಾಡು ಎಷ್ಟು ಹೊತ್ತು ಏನಾಗಿತ್ತು ಎಂದು ಆ ಕೊಠಡಿಯಲ್ಲಿ ಯಾರೂ ಬರೆದಿಟ್ಟಿರದಿದ್ದರೆ ಕೋರ್ಟಾದರೂ ಏನು ಮಾಡಬೇಕು? ಅಂಕಿಅಂಶವನ್ನೇ ನೋಡಬೇಕಾಗುತ್ತದೆ.

ಎಲ್ಲ ಕಣ್ಣೂ ಮಗುವಿನ ಮೇಲೆ

ಪರೀಕ್ಷೆಗೆ ಕಾವಲು ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕು, ಬಿಗಿಯಾಗಿಯೇ ಬೇಕು. 2021ರ ಜೆಇಇ ಮೇನ್‌ನಲ್ಲಿ ಹರಿಯಾಣದ ಸೋನಿಪತ್‌ನ ಕೇಂದ್ರವೊಂದರ ಕಂಪ್ಯೂಟರುಗಳನ್ನು ದೂರದಿಂದ ನಿಯಂತ್ರಿಸಿ ಬೇರೆಯವರು ಉತ್ತರ ಬರೆದರು ಎಂಬುದು ಸಿಬಿಐ ಹೊರಿಸಿದ ಆರೋಪ. ನಮ್ಮ ಕರ್ನಾಟಕದಲ್ಲೇ 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ನೇಮಕಾತಿ ಪರೀಕ್ಷೆ ಬರೆಯಲು ಬಂದವರ ಬಳಿ ಬ್ಲೂಟೂತ್ ಸಾಧನಗಳು ಸಿಕ್ಕವು. ಹಿಂದೆ ಎಲ್ಲ ಚೆನ್ನಾಗಿತ್ತು ಎನ್ನುವ ಹಾಗೂ ಇಲ್ಲ. 2016ರಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪತ್ರಿಕೆ ಎರಡೆರಡು ಸಲ ಸೋರಿಕೆಯಾಗಿ ಮಕ್ಕಳು ಮೂರನೇ ಸಲ ಓದಿ ಕೂರಬೇಕಾಯಿತು.

ಹೀಗಾಗಿ ಪ್ರತಿ ಹಗರಣದ ನಂತರ ಕಾವಲು ಒಂದು ಸುತ್ತು ಬಿಗಿಯಾಗುತ್ತದೆ. ಬಯೋಮೆಟ್ರಿಕ್, ಸಿಸಿಟಿವಿ, ಜಾಮರ್, ಲೋಹಶೋಧಕ. ಆದರೆ ಗಮನಿಸಿ, ಇವೆಲ್ಲವೂ ನೋಡುವುದು ಮಗುವನ್ನು. ಕೆಲವೊಮ್ಮೆ ನೋಡಬಾರದಷ್ಟು ನೋಡುತ್ತವೆ. 2025ರ ಏಪ್ರಿಲ್‌ನ ಕೆಸಿಇಟಿ ವೇಳೆ ಶಿವಮೊಗ್ಗದಲ್ಲಿ ಜನಿವಾರ ತೆಗೆಸಿದ ದೂರು ಬಂತು. ಬೀದರ್‌ನಲ್ಲಿ ಜನಿವಾರ ತೆಗೆಯಲು ಒಪ್ಪದ ವಿದ್ಯಾರ್ಥಿಯೊಬ್ಬ ಗಣಿತ ಪತ್ರಿಕೆ ಬರೆಯಲಾಗದೆ ಮನೆಗೆ ಹೋದ. ನಿಯಮದಲ್ಲಿ ಇಲ್ಲದ್ದನ್ನು ಗೇಟಿನಲ್ಲಿದ್ದವರು ಸೇರಿಸಿದ್ದರು. ಆಮೇಲೆ ವಿಚಾರಣೆ, ಕ್ರಮ ಎಲ್ಲ ಆಯಿತು. ಆದರೆ ಗೇಟಿನಲ್ಲಿ ನಿಂತ ಆ ಹೊತ್ತಿನಲ್ಲಿ ಹುಡುಗನ ಮಾತನ್ನು ಕೇಳಿ ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ಕಾವಲನ್ನು ಮನೆಯೊಳಗೇ ತಂದ ಪ್ರಯೋಗವೂ ನಡೆದಿದೆ, ಅದೂ ನಮ್ಮ ಬೆಂಗಳೂರಿನಲ್ಲಿ. ಕೊರೊನಾ ಕಾಲದಲ್ಲಿ ಕ್ಲ್ಯಾಟ್ ಮುಂದೆ ಮುಂದೆ ಹೋಗುತ್ತಿದ್ದಾಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಎನ್‌ಲ್ಯಾಟ್ ಎಂಬ ತನ್ನದೇ ಪರೀಕ್ಷೆ ಮಾಡಿತು. 2020ರ ಸೆಪ್ಟೆಂಬರ್ 12ರಂದು ಮಕ್ಕಳು ಮನೆಯಲ್ಲೇ ಕೂತು, ವೆಬ್‌ಕ್ಯಾಮ್ ಮುಂದೆ, 45 ನಿಮಿಷ ಬರೆಯುವ ಪರೀಕ್ಷೆ. ಹಲವರಿಗೆ ತಾಂತ್ರಿಕ ತೊಂದರೆಯಾಗಿ ಎರಡೇ ದಿನಕ್ಕೆ ಮತ್ತೊಮ್ಮೆ ಪರೀಕ್ಷೆ ಇಟ್ಟರು. ಪ್ರಶ್ನೆಗಳು ಹೊರಬಿದ್ದ ಆರೋಪವೂ ಬಂತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಎನ್‌ಲ್ಯಾಟನ್ನೇ ರದ್ದು ಮಾಡಿ, ಕ್ಲ್ಯಾಟ್ ಮೂಲಕವೇ ಪ್ರವೇಶ ಕೊಡಿ ಎಂದಿತು. ಮನೆಯಲ್ಲಿ ಒಳ್ಳೆಯ ಲ್ಯಾಪ್‌ಟಾಪ್, ಗಟ್ಟಿ ಇಂಟರ್‌ನೆಟ್ ಇಲ್ಲದ ಮಗು ಅಲ್ಲಿ ಪ್ರಶ್ನೆ ನೋಡುವ ಮೊದಲೇ ಹಿಂದೆ ಬಿದ್ದಿರುತ್ತಿತ್ತು.

2024ರ ಹಗರಣದ ನಂತರ ಸರ್ಕಾರ ಎರಡು ಕೆಲಸ ಮಾಡಿತು. ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆ ಜೂನ್ 21ರಂದು ಜಾರಿಗೆ ಬಂತು. ಪ್ರಶ್ನೆಪತ್ರಿಕೆ ಸೋರಿಕೆ, ಕಂಪ್ಯೂಟರ್ ವ್ಯವಸ್ಥೆಯನ್ನು ತಿರುಚುವುದು ಮುಂತಾದವಕ್ಕೆ 3ರಿಂದ 5 ವರ್ಷ, ಸಂಘಟಿತವಾಗಿ ಮಾಡಿದರೆ 5ರಿಂದ 10 ವರ್ಷ ಜೈಲು. ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿಯೂ ರಚನೆಯಾಗಿ 101 ಶಿಫಾರಸು ಕೊಟ್ಟಿತು. ಖಾಸಗಿ ಕೇಂದ್ರಗಳ ಮೇಲಿನ ಅವಲಂಬನೆ ಕಡಿಮೆ ಮಾಡಿ, ಅಭ್ಯರ್ಥಿಯ ಗುರುತನ್ನು ಹಂತಹಂತವಾಗಿ ಪರೀಕ್ಷಿಸಿ ಎಂಬವು ಅವುಗಳಲ್ಲಿ ಮುಖ್ಯವಾದವು. ಒಳ್ಳೆಯದೇ. ಆದರೆ ಕಳ್ಳನನ್ನು ಹಿಡಿಯುವುದು ಒಂದು ಕೆಲಸ, ಕಳೆದುಕೊಂಡವರ ಲೆಕ್ಕ ಇಡುವುದು ಇನ್ನೊಂದು. ಕೆಟ್ಟುಹೋದ ಮೌಸ್ ಅಪರಾಧವಲ್ಲ, ಅದಕ್ಕೆ ಯಾರನ್ನೂ ಜೈಲಿಗೆ ಹಾಕಬೇಕಾಗಿಲ್ಲ. ಬರೆದಿಟ್ಟರೆ ಸಾಕು.

ನಮ್ಮಂಥವರಿಗೆ ಇನ್ನೊಂದು ಭಾರ

ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಈ ನಿಮಿಷಗಳು ಇನ್ನಷ್ಟು ದುಬಾರಿ. ಕೆಸಿಇಟಿಯಲ್ಲಿ ಸೀಟು ಬೇಕಾದರೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದು ಮುಖ್ಯ ಷರತ್ತು. ಹೊರನಾಡ ಕನ್ನಡಿಗರಿಗೆ ಬೇರೆ ಕಲಮು ಇದ್ದರೂ ಆ ದಾರಿ ಇಕ್ಕಟ್ಟು. ಇತ್ತ ನಾವಿರುವ ರಾಜ್ಯದ ಪರೀಕ್ಷೆಗೆ ಹೋದರೆ ಡೊಮಿಸೈಲ್ ಪ್ರಶ್ನೆ. ಅಪ್ಪ ಅಮ್ಮ ಐದು ವರ್ಷ ಹೈದರಾಬಾದ್, ನಾಲ್ಕು ವರ್ಷ ಪುಣೆ ಎಂದು ಓಡಾಡಿದ ಮಕ್ಕಳಿಗೆ ಅಖಿಲ ಭಾರತ ಮಟ್ಟದ ಪರೀಕ್ಷೆಯೇ ಗಟ್ಟಿ ಆಸರೆ. ಆ ಪರೀಕ್ಷೆಗಳಲ್ಲಿ ನೀಟ್, ಜೆಇಇ ಮೇನ್ ಕನ್ನಡದಲ್ಲೂ ಇವೆ, ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಇರಲಿ, ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಆದರೆ ಪರದೆ ನಿಂತಾಗ, ಎದೆ ಡವಡವ ಎನ್ನುವಾಗ, ಪಾಠದಲ್ಲಿ ಕಲಿತ ಹಿಂದಿಯಲ್ಲಿ ದೂರು ಹೇಳುವುದು ಬೇರೆಯೇ ಪರೀಕ್ಷೆ.

ಏನು ಮಾಡಬಹುದು?

ನಾನು ಪಿಯುಸಿ ಮುಗಿಸಿ ಒಂದು ಪ್ರವೇಶ ಪರೀಕ್ಷೆ ಬರೆದಾಗ, ಹುಬ್ಬಳ್ಳಿಯಲ್ಲಿ, ನನ್ನ ಪ್ರಶ್ನೆಪತ್ರಿಕೆಯ ಎರಡು ಪುಟ ಅಚ್ಚಾಗದೆ ಬಿಳಿ ಇದ್ದವು. ಬದಲಿ ಪತ್ರಿಕೆ ಬರಲು ಆರು ನಿಮಿಷ ಹಿಡಿಯಿತು. ಮೇಲ್ವಿಚಾರಕರಾಗಿದ್ದ ಹಿರಿಯ ಮೇಷ್ಟ್ರು ತಮ್ಮ ವರದಿ ಹಾಳೆಯಲ್ಲಿ ಸಮಯ ಬರೆದು, ತಾವು ಸಹಿ ಹಾಕಿ, "ಬರದೇನಿ ನೋಡು, ನೀನೂ ಸಹಿ ಮಾಡು" ಎಂದರು. ಕೊನೆಗೆ ಆರು ನಿಮಿಷ ಹೆಚ್ಚು ಸಿಕ್ಕಿತು. ಒಂದು ಹಾಳೆ, ಒಂದು ಪೆನ್ನು, ಎರಡು ಸಹಿ. ಅದಕ್ಕೆ ಯಾವ ತಂತ್ರಜ್ಞಾನವೂ ಬೇಕಿರಲಿಲ್ಲ.

ಈಗಿನ ವ್ಯವಸ್ಥೆಯಲ್ಲಿ ಇದನ್ನು ಮಾಡುವುದು ಇನ್ನೂ ಸುಲಭ. ಮೇಲ್ವಿಚಾರಕರು ಬಂದ ಕೂಡಲೇ ಆ ಸೀಟಿನ ಗಡಿಯಾರ ನಿಲ್ಲಿಸುವ ಅಧಿಕಾರ ಅವರಿಗಿರಲಿ. ನಿಲ್ಲಿಸಿದ ಸಮಯ, ಕಾರಣ, ಶುರುವಾದ ಸಮಯ ದಾಖಲಾಗಲಿ. ಪರೀಕ್ಷೆ ಮುಗಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬರಲಿ: "ನಿಮ್ಮ ಪರೀಕ್ಷೆಗೆ ಇಷ್ಟು ನಿಮಿಷ ಅಡ್ಡಿಯಾಯಿತು, ಒಪ್ಪುತ್ತೀರಾ?" ಒಪ್ಪದಿದ್ದರೆ ಅಲ್ಲೇ ಬರೆಯಲು ನಾಲ್ಕು ಸಾಲಿನ ಜಾಗವಿರಲಿ, ಅದರ ಪ್ರತಿ ಮಗುವಿಗೆ ಸಿಗಲಿ. ಸುಳ್ಳು ಹೇಳುವವರು ಇರುತ್ತಾರೆ, ನಿಜ. ಕ್ಯಾಮೆರಾ ಇರುವುದು ಅದಕ್ಕೇ ಅಲ್ಲವೆ? ಮಗು ನಕಲು ಮಾಡಿತೇ ಎಂದು ನೋಡುವ ಕ್ಯಾಮೆರಾದಲ್ಲಿ, ಟೆಕ್ನಿಕಲ್ ಹುಡುಗ ಎಷ್ಟು ಹೊತ್ತು ಕೇಬಲ್ ಹಿಡಿದು ನಿಂತಿದ್ದ ಎಂಬುದೂ ಇರುತ್ತದೆ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಕೆಲವಿದೆ. ನಮ್ಮ ಅನುಭವದಿಂದ ಕಲಿತದ್ದನ್ನು ಈ ವರ್ಷ ಮಕ್ಕಳನ್ನು ಕಳಿಸುವವರಿಗಾಗಿ ಬರೆಯುತ್ತೇನೆ.

ಪರದೆ ನಿಂತ ಕೂಡಲೇ ಕೈ ಎತ್ತಬೇಕು. ತಾನೇ ಸರಿಹೋದೀತು ಎಂದು ಎರಡು ನಿಮಿಷ ಕಾಯುವ ಮಕ್ಕಳೇ ಹೆಚ್ಚು. ಮೇಲ್ವಿಚಾರಕರು ಬಂದಾಗ ಪರದೆಯಲ್ಲಿರುವ ಉಳಿದ ಸಮಯವನ್ನು ಬೆರಳಿಟ್ಟು ತೋರಿಸಿ ಬಾಯಿಬಿಟ್ಟು ಹೇಳಬೇಕು. ಬೇರೆ ಕಂಪ್ಯೂಟರಿಗೆ ಹೋದರೆ ಮುಂದಿನ ಪ್ರಶ್ನೆ ಒತ್ತುವ ಮೊದಲು ಗಡಿಯಾರ ನೋಡಬೇಕು, ಕಡಿಮೆಯಾಗಿದ್ದರೆ ಆಗಲೇ ಹೇಳಬೇಕು. ಒಮ್ಮೆ ಹೇಳಿ, ಬರೆದುಕೊಳ್ಳಿ ಎಂದು ಕೇಳಿ, ಅವರು ಒಪ್ಪಲಿ ಬಿಡಲಿ, ಮತ್ತೆ ಪ್ರಶ್ನೆಗಳಿಗೆ ಮರಳಬೇಕು. ಹೋದ ಹನ್ನೊಂದು ನಿಮಿಷ ಉಳಿದ ನೂರಮೂವತ್ತನ್ನು ತಿನ್ನಬಾರದು. ಇದನ್ನು ಮಾತ್ರ ಮನೆಯಲ್ಲೇ ಅಭ್ಯಾಸ ಮಾಡಿಸಿ: ಮಾಕ್ ಟೆಸ್ಟ್ ನಡುವೆ ಎಬ್ಬಿಸಿ ಬೇರೆ ಕುರ್ಚಿಗೆ ಕೂರಿಸಿ, ಮುಂದುವರಿಸಲು ಹೇಳಿ.

ಹೊರಗೆ ಬಂದ ಮೇಲೆ ಗೇಟಿನಲ್ಲಿ ಜಗಳ ಬೇಡ. ಮಗು ಮರೆಯುವ ಮೊದಲು ಲ್ಯಾಬ್ ಸಂಖ್ಯೆ, ಎರಡೂ ಸೀಟಿನ ಸಂಖ್ಯೆ, ಯಾವ ಪ್ರಶ್ನೆಯಲ್ಲಿ ನಿಂತಿತು, ಗಡಿಯಾರ ಎಷ್ಟು ತೋರಿಸುತ್ತಿತ್ತು, ಎಲ್ಲವನ್ನೂ ಬರೆಸಿಕೊಳ್ಳಿ. ಅದೇ ಲ್ಯಾಬಿನಲ್ಲಿ ಬೇರೆ ಮಕ್ಕಳಿಗೂ ತೊಂದರೆ ಆಗಿದ್ದರೆ ಅವರ ತಂದೆತಾಯಿಯ ನಂಬರ್ ತೆಗೆದುಕೊಳ್ಳಿ. ಒಬ್ಬರ ದೂರು ದೂರಾಗಿಯೇ ಉಳಿಯುತ್ತದೆ, ನಾಲ್ವರದ್ದಾದರೆ ಘಟನೆಯಾಗುತ್ತದೆ. ಕೇಂದ್ರದ ಮುಖ್ಯಸ್ಥರಿಗೆ ಬರೆದು ಕೊಟ್ಟು ಸ್ವೀಕೃತಿ ಕೇಳಿ, ಅದೇ ದಿನ ಪರೀಕ್ಷೆ ನಡೆಸುವವರಿಗೆ ಇಮೇಲ್ ಮಾಡಿ. ಸಿಟ್ಟಿನ ಮಾತು ಬೇಡ, ಅಂಕಿ ಸಂಖ್ಯೆ ಮಾತ್ರ. ನಾವು ಇಮೇಲ್ ಮಾಡಿದ್ದು ಮೂರನೇ ದಿನ, ಅದೂ ನಾನೊಬ್ಬನೇ, ಅರ್ಧ ಪುಟ ಸಿಟ್ಟು ತುಂಬಿ.

ನಮ್ಮ ಹುಡುಗಿಗೆ ಆ ಪರೀಕ್ಷೆಯಲ್ಲಿ ಬಂದದ್ದು ಕೆಟ್ಟ ಅಂಕವೇನಲ್ಲ. ಬೇಕಾದ ಕಾಲೇಜು ಸ್ವಲ್ಪದರಲ್ಲಿ ತಪ್ಪಿತು, ಇನ್ನೊಂದು ಸಿಕ್ಕಿತು. ಹನ್ನೊಂದು ನಿಮಿಷ ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಅಕ್ಕ "ಹಣೇಬರಹ" ಅಂದಳು, ಭಾವ ಏನೂ ಹೇಳಲಿಲ್ಲ.

ಅದಾಗಿ ಒಂದು ತಿಂಗಳಿಗೆ ಅವಳು ಇನ್ನೊಂದು ಪರೀಕ್ಷೆ ಬರೆದಳು. ಅಲ್ಲಿ ಮೌಸ್ ಕೈಕೊಟ್ಟಿತು. ಈ ಸಲ ಹುಡುಗಿ ಕೂಡಲೇ ಕೈ ಎತ್ತಿ, ಸಮಯ ತೋರಿಸಿ, "ಮೇಡಂ, ಲಿಖ್ ಲೀಜಿಯೇ" ಅಂದಳಂತೆ. ಆ ಮೇಡಂ ಒಂದು ಕ್ಷಣ ಇವಳನ್ನು ನೋಡಿ, ನಕ್ಕು, ಹಾಜರಿ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡರು. ಮೌಸ್ ಬದಲಾಯಿತು. ನಾಲ್ಕು ನಿಮಿಷ ಹೋಗಿತ್ತು, ನಾಲ್ಕು ನಿಮಿಷ ಸೇರಿಸಿಕೊಟ್ಟರು.

"ಬರಕೊಂಡ್ರು ಮಾಮಾ" ಎಂದಳು ಹೊರಗೆ ಬಂದು. ಪೇಪರ್ ಹೇಗಿತ್ತು ಎಂದು ಹೇಳಿದ್ದು ಆಮೇಲೆ.